ಸಲಾಯಿನ್ ಬೂಚಿನ ಗಾಲಿ

ಪೋಳಾ ಹಬ್ಬಕ್ಕೆ ಎರಡು ದಿನ ಇರುವಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ನನ್ನ ತಮ್ಮನ ಮೊಮ್ಮಗಳಿಗೆ ಮರದ ಎತ್ತು ಬೇಕಾಗಿತ್ತು. ನಾಗಪುರದಲ್ಲಿ ರೈತರು ಎತ್ತುಗಳನ್ನು ಪೂಜಿಸುವ ಪೋಳಾ ಮುಗಿದ ಮರುದಿನ ಮಕ್ಕಳ ಪೋಳಾ ಇರುತ್ತದೆ, ತಾನ್ಹಾ ಪೋಳಾ. ಗಾಲಿ ಹಚ್ಚಿದ ಮರದ ಎತ್ತನ್ನು ಸಿಂಗರಿಸಿ, ದಾರ ಕಟ್ಟಿ ಎಳೆದುಕೊಂಡು ಮಕ್ಕಳು ಮನೆಮನೆಗೆ ಹೋಗುತ್ತಾರೆ. ಹಳೆಯ ಪೇಟೆಯಾದ ಮಹಾಲಿನ ಓಣಿಗಳಲ್ಲಿ ಈ ದಿನಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಎತ್ತು ಮಾರಾಟಕ್ಕೆ ಇಟ್ಟಿರುತ್ತಾರೆ. ಹೊಸದೇಕೆ, ಮನೆಯಲ್ಲೇ ಒಂದಿದೆ ಎಂದು ನಾನೇ ಹೇಳಿದ್ದೆ.

ಹಳೆಯ ಪೇಪರು ಬಿಚ್ಚಿದರೆ ಎತ್ತು ಹಾಗೇ ಇತ್ತು. ಬಣ್ಣ ಹೋಗಿತ್ತು, ಒಂದು ಕೊಂಬು ಮೊಂಡಾಗಿತ್ತು. ಮೂರು ಗಾಲಿ ಮರದವು. ನಾಲ್ಕನೆಯದು ಸಲಾಯಿನ್ ಬಾಟಲಿಯ ಬಾಯಿಗೆ ಹಾಕುತ್ತಿದ್ದ ರಬ್ಬರಿನ ಬೂಚು. ಗಾಜಿನ ಬಾಟಲಿಗಳ ಕಾಲದ್ದು. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಒಣಗಿದ ರೊಟ್ಟಿಯ ಅಂಚು ಮುರಿದ ಹಾಗೆ ಮುರಿದು ಕೈಗೆ ಬಂತು. ಮೂಗಿನ ಹತ್ತಿರ ಹಿಡಿದೆ. ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ ಬಂತೋ, ಬಂದ ಹಾಗೆ ಅನಿಸಿತೋ... ನಲವತ್ತು ವರ್ಷ ಯಾವ ವಾಸನೆಯೂ ಉಳಿಯುವುದಿಲ್ಲ ಎಂದು ನನಗೆ ಗೊತ್ತು. ಆದರೂ ಟ್ರಂಕಿನ ಪಕ್ಕದಲ್ಲೇ ನೆಲದ ಮೇಲೆ ಸ್ವಲ್ಪ ಹೊತ್ತು ಕೂತೆ.

ಆ ಬೂಚನ್ನು ಗಾಲಿ ಮಾಡಿ ಕೂಡಿಸಿದವರನ್ನು ನಾವು ನರ್ಸಬಾಯಿ ಎಂದು ಕರೆಯುತ್ತಿದ್ದೆವು.

ಎಂಬತ್ತರ ದಶಕದ ಮಾತು. ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮದು ಹತ್ತು ಮನೆಗಳ ಒಂದು ಲೈನು. ಅಪ್ಪ ಖಲಾಸಿ. ಬಾಗಲಕೋಟೆ ಕಡೆಯ ಹಳ್ಳಿಯಲ್ಲಿ ನಮ್ಮ ಅಜ್ಜನದು ಎಣ್ಣೆಯ ಗಾಣ ಇತ್ತಂತೆ. ಅದು ನಿಂತ ಮೇಲೆ ಅಪ್ಪ ರೈಲ್ವೆ ಸೇರಿ ಇಷ್ಟು ದೂರ ಬಂದರು. ಅಪ್ಪನಿಗೆ ಸಹಿ ಹಾಕಲು ಬರುತ್ತಿತ್ತು. ಅವ್ವನದು ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡ ಮೊದಲಿಗಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಆದರೆ ಅದು ಹೇಗೆ ಸಿಕ್ಕಿತು ಎಂದು ಇದುವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ.

ನರ್ಸಬಾಯಿಯದು ನಮ್ಮ ಪಕ್ಕದ ಮನೆ. ಬೆಟಗೇರಿಯ ಕಡೆಯ ಕ್ರೈಸ್ತರು, ನೇಕಾರರ ಮನೆತನ. ಗಂಡ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಮಾತು ಕಡಿಮೆ. ಲೈನಿನಲ್ಲಿ ಕನ್ನಡದವು ಎರಡೇ ಮನೆ, ನಮ್ಮದು ಮತ್ತು ಅವರದು. ದಿನಾ ಬೆಳಿಗ್ಗೆ ಬಿಳಿ ಸೀರೆಯ ನಿರಿಗೆ ಹಿಡಿದು ಅವರು ರಾಮದಾಸಪೇಠಿನ ಒಂದು ಆಸ್ಪತ್ರೆಗೆ ಹೊರಡುತ್ತಿದ್ದರು. ಸಂಜೆ ಬಂದರೆ ಅವರ ಕಟ್ಟೆಯ ಮೇಲೆ ಯಾರಾದರೂ ಔಷಧದ ಬಾಟಲಿ ಹಿಡಿದು ಕೂತಿರುತ್ತಿದ್ದರು. ಯಾವುದು ಊಟಕ್ಕೆ ಮೊದಲು, ಯಾವುದು ಊಟವಾದ ಮೇಲೆ, ಯಾವುದು ಹಚ್ಚುವುದು, ಯಾವುದು ಕುಡಿಯುವುದು ಎಂದು ಅವರು ಹೇಳಿ ಕಳಿಸುತ್ತಿದ್ದರು. ನರ್ಸಬಾಯಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಲೈನಿನಲ್ಲಿ ಯಾರೂ ಅನುಮಾನಿಸದ ಮಾತು. ಖಲಾಸಿಗಳ, ಗ್ಯಾಂಗ್‌ಮನ್‌ಗಳ ಆ ಲೈನಿನಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಈ ಒಂದೇ ಮೊಳೆಗೆ ತೂಗುಬಿದ್ದಿತ್ತು.

ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿ ಎಂದು ಅಪ್ಪನಿಗೆ ಹೇಳಿದವರೂ ಅವರೇ. "ಅಣ್ಣಾರ, ಹುಡುಗಿ ಶಾಣ್ಯಾ ಐತಿ, ನಾಕು ದಿನ ತ್ರಾಸ ಆಕ್ಕೈತಿ, ಆಮ್ಯಾಲೆ ಬರೋಬರ್ ಆಕ್ಕೈತಿ" ಎಂದಿದ್ದರು. ಅಂದಿನಿಂದ ನನ್ನನ್ನು ಕರೆಯುವುದೂ ಶಾಣ್ಯಾಕಿ ಎಂದೇ.

ಅವರ ಮನೆಯಲ್ಲಿ ಟಿವಿ ಇತ್ತು. ಮರದ ಬಾಗಿಲು ಎರಡೂ ಕಡೆ ಸರಿಯುವ ಕಪ್ಪು-ಬಿಳುಪಿನದು. ಲೈನಿಗೆಲ್ಲ ಅದೊಂದೇ. ಹಿಂದಿ ಸಿನೆಮಾ ಬಂದರೆ ಎಲ್ಲರೂ ತಮ್ಮಷ್ಟಕ್ಕೆ ನೋಡುತ್ತಿದ್ದರು. ಇಂಗ್ಲಿಷಿನದೇನಾದರೂ ಬಂದರೆ ನರ್ಸಬಾಯಿ ಟಿವಿಯ ಮಗ್ಗುಲಿಗೆ, ನಮ್ಮ ಕಡೆ ಮುಖ ಮಾಡಿ ಕೂಡುತ್ತಿದ್ದರು. ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ವಟಾಣಿ ಕಾಯಿ. ಸುಲಿಯುತ್ತ, ಓರೆಗಣ್ಣಿನಲ್ಲಿ ಪರದೆ ನೋಡುತ್ತ, ಕಥೆ ಹೇಳುತ್ತಿದ್ದರು. ಒಂದು ಮಾತು ನಮಗೆ ಕನ್ನಡದಲ್ಲಿ, ಅದೇ ಮಾತು ಉಳಿದವರಿಗೆ ಹಿಂದಿಯಲ್ಲಿ. ಕಥೆ ಬಿಗಿಯಾದಾಗ ಅವರ ಕೈ ನಿಲ್ಲುತ್ತಿತ್ತು. ಆಮೇಲೆ ಕಾಯಿ ಪಟ್ಟೆಂದು ಒಡೆಯುತ್ತಿತ್ತು, ಆಗ ನಾವು ಉಸಿರು ಬಿಡುತ್ತಿದ್ದೆವು. ಟಿವಿಗಿಂತ ಹೆಚ್ಚಾಗಿ ನಾವು ನೋಡುತ್ತಿದ್ದದ್ದು ಅವರ ಕೈಯನ್ನೇ.

ಇನ್ನೊಂದು ಪದ್ಧತಿ ಅವರದು. ಕ್ರಿಸ್ಮಸ್ಸಿಗೆ ಮನೆಯ ಮೂಲೆಯಲ್ಲಿ ಗೋದಲಿ ಮಾಡುತ್ತಿದ್ದರು. ಮಣ್ಣಿನ ಮರಿಯಮ್ಮ, ಮಣ್ಣಿನ ಯೋಸೇಫ, ಹತ್ತಿಯ ಮೇಲೆ ಮಲಗಿದ ಬಾಲಯೇಸು. ಪ್ರಾಣಿಗಳ ಮೂರ್ತಿಗಳು ಯಾವುದೋ ವರ್ಗಾವಣೆಯಲ್ಲಿ ಒಡೆದುಹೋಗಿದ್ದವು. ಹೊಸದು ತರಲಿಲ್ಲ. ಲೈನಿನ ಮಕ್ಕಳಿಂದ ತಾನ್ಹಾ ಪೋಳಾದ ಮರದ ಎತ್ತುಗಳನ್ನು ಇಸಿದುಕೊಂಡು ಸಾಲಾಗಿ ನಿಲ್ಲಿಸುತ್ತಿದ್ದರು. ಕನ್ನಡಿ ಹಚ್ಚಿದ ಝೂಲ ಹೊದ್ದ ಎತ್ತು, ಕೊಂಬಿಗೆ ಗೊಂಡೆ ಕಟ್ಟಿದ ಎತ್ತು, ಒಟ್ಟು ಹನ್ನೊಂದೋ ಹನ್ನೆರಡೋ. ಒಮ್ಮೆ ಅವರ ಚರ್ಚಿನ ಪಾದ್ರಿ ಬಂದವರು ಬಾಗಿಲಲ್ಲೇ ನಿಂತು, "ಬಾಯೀ, ನಾತಾಳ ಆಹೇ ಕೀ ಪೋಳಾ?" ಎಂದು ನಕ್ಕಿದ್ದರು, ಇದು ಕ್ರಿಸ್ಮಸ್ಸೋ ಪೋಳಾನೋ ಎಂದು. ನರ್ಸಬಾಯಿ ನಮ್ಮವ್ವನ ಕಡೆ ತಿರುಗಿ, "ನಮ್ಮ ಕಡೆ ಮಣ್ಣೆತ್ತಿನ ಅಮಾಸಿ ಇಲ್ಲೇನ್ರಿ ಅಕ್ಕಾರ? ಎತ್ತು ಇಲ್ಲದ ಹಬ್ಬ ಹಬ್ಬನ?" ಎಂದಿದ್ದರು.

ಯಾರ ಎತ್ತು ಬಾಲಯೇಸುವಿಗೆ ಎಲ್ಲಕ್ಕಿಂತ ಹತ್ತಿರ ನಿಲ್ಲುತ್ತದೆ ಎಂಬುದು ನಮಗೆ ದೊಡ್ಡ ವಿಷಯ. ಎರಡು ವರ್ಷ ನನ್ನದೇ ನಿಂತಿತ್ತು.

ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ ನನ್ನ ಎತ್ತಿನ ಒಂದು ಗಾಲಿ ಕಳೆಯಿತು. ಮೂರು ಗಾಲಿಯ ಎತ್ತು ವಾಲುತ್ತದೆ. ಮುಂದೆ ನಿಲ್ಲಿಸಿದರೆ ಮಣ್ಣಿನ ಕೂಸಿನ ಮೇಲೆ ಬೀಳುತ್ತದೆ ಎಂದು ನರ್ಸಬಾಯಿ ಅದನ್ನು ಹಿಂದಿನ ಸಾಲಿನಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದರು. ಮುಂದಿನ ಜಾಗ ಒಬ್ಬ ಮರಾಠಿ ಹುಡುಗಿಯ ಎತ್ತಿಗೆ ಹೋಯಿತು. ಮೂರು ದಿನ ನಾನು ಅವರ ಮನೆಗೆ ಹೋಗಲಿಲ್ಲ. ಅದೇ ತಿಂಗಳು ಶಾಲೆಯಲ್ಲಿ ಇಂಗ್ಲಿಷ್ ಓದಿಸಿ ಟೀಚರು ಶಾಭಾಶ್ ಎಂದಿದ್ದರು. ಈ ಎರಡೂ ಒಂದೇ ತಲೆಯಲ್ಲಿ ಇದ್ದವು.

ಕ್ರಿಸ್ಮಸ್ ದಿನ ಮಧ್ಯಾಹ್ನ ಟಿವಿಯಲ್ಲಿ ಪರದೇಶದ ಒಂದು ಕಾರ್ಟೂನು ಬಂತು. ಹೆಸರು ನೆನಪಿಲ್ಲ. ಲೈನಿನ ಮಕ್ಕಳೆಲ್ಲ ಬಂದಿದ್ದವು, ಬಾಗಿಲಲ್ಲಿ ಹೆಂಗಸರು, ಕಿಟಕಿಯಲ್ಲಿ ರಜೆಯಿದ್ದ ಗಂಡಸರು. ನಾನೂ ಹೋಗಿ ಕೂತೆ.

ಹಿಮ ಬೀಳುವ ಊರು. ಅಲ್ಲೊಂದು ಹಿಟ್ಟಿನ ಗಿರಣಿ, ಅದನ್ನು ತಿರುಗಿಸುವ ಒಂದು ಎತ್ತು. ಹುಟ್ಟಿದಾಗಿನಿಂದ ಸುತ್ತು ಹಾಕಿ ಹಾಕಿ ಅದಕ್ಕೆ ನೆಟ್ಟಗೆ ನಡೆಯುವುದೇ ಗೊತ್ತಿಲ್ಲ. ಹಗ್ಗ ಬಿಚ್ಚಿ ಬಯಲಿಗೆ ಬಿಟ್ಟರೂ ಸುತ್ತುತ್ತದೆ. ಊರಿನ ಕುದುರೆಗಳು ನಗುತ್ತವೆ, ಮಕ್ಕಳು ಹಿಂದೆ ಬಿದ್ದು ಅಣಕಿಸುತ್ತವೆ.

"ಇದು ನೋಡ್ರಿ ಗಾಣದ ಎತ್ತು" ಎಂದು ನರ್ಸಬಾಯಿ ಶುರು ಮಾಡಿದರು. "ಕುದುರಿಗೆ ದೌಲತ್ತು. ಎತ್ತು ಅಂತೈತಿ, ಯಪ್ಪಾ, ನೀ ನೆಟ್ಟಗ ಓಡಿ ಎಲ್ಲಿ ಮುಟ್ಟಿದಿ? ನಾ ತಿರಗಿದ್ರ ಮಂದಿಗೆ ರೊಟ್ಟಿ." ಅದನ್ನೇ ಹಿಂದಿಯಲ್ಲೂ ಹೇಳಿದರು. ಎಲ್ಲರೂ ನಕ್ಕರು. ಎತ್ತು ಹಾಗೆ ಅಂದಿರಲೇ ಇಲ್ಲ. ಪರದೆಯಲ್ಲಿ ಎತ್ತು ಬಾಯಿಯನ್ನೇ ತೆರೆದಿರಲಿಲ್ಲ. ನನಗೆ ಆಗಲೇ ಗೊತ್ತಾಯಿತು.

ಸ್ವಲ್ಪ ಹೊತ್ತಿಗೆ ಗಿರಣಿಯ ಯಜಮಾನ ಬಂದ. ಎತ್ತಿನ ಕೊರಳು ಹಿಡಿದು, ನಿಧಾನವಾಗಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಏನೋ ಹೇಳಿದ. ನರ್ಸಬಾಯಿ ಕೈ ನಿಲ್ಲಿಸಿದರು. "ಸಾವಕಾರ ಅಂತಾನ, ನಾಳೆ ಹಬ್ಬ, ನಿನಗೊಂದು ಹೊಸಾ ಝೂಲ ಹೊಲಸತೇನಿ ಅಂತಾನ. ನಯಾ ಝೂಲ್ ಪಹನಾವೂಂಗಾ ಬೋಲ್ತಾ!" ಸಣ್ಣ ಮಕ್ಕಳು ಚಪ್ಪಾಳೆ ತಟ್ಟಿದವು. ವಟಾಣಿ ಕಾಯಿ ಪಟ್ಟೆಂದು ಒಡೆಯಿತು.

ನಾನು ಎದ್ದು ನಿಂತೆ. "ಸುಳ್ಳು! ಹಂಗ ಅಂದಿಲ್ಲ ಅಂವ. ಗಿರಣಿಗೆ ಮಷೀನ್ ಬರತೈತಿ, ಹಬ್ಬ ಮುಗದ ಮ್ಯಾಲೆ ನಿನ್ನ ಕಸಾಯಿಗೆ ಮಾರತೇನಿ ಅಂದಾನ." ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದೆ. ನನ್ನ ಹಿಂದಿಯೂ ಚೆನ್ನಾಗಿತ್ತು.

ಒಂದು ಸಣ್ಣ ಮಗು ಅಳಲು ಶುರು ಮಾಡಿತು. ಕಿಟಕಿಯಲ್ಲಿ ನಿಂತಿದ್ದ ಒಬ್ಬ ಫಿಟರು, "ಕ್ಯಾ ನರ್ಸಬಾಯಿ, ಇತ್ತೇ ದಿನ ಫೇಕ್ ರಹೀ ಥೀ ಕ್ಯಾ?" ಎಂದ, ಇಷ್ಟು ದಿನ ಬುರುಡೆ ಬಿಡುತ್ತಿದ್ದೆಯೇನು ಎಂದು. ಗಂಡಸರು ನಕ್ಕರು. ಆಮೇಲೆ ಹೆಂಗಸರೂ ನಕ್ಕರು.

ನರ್ಸಬಾಯಿಯ ಮುಖ ಹೇಗಾಯಿತು ಎಂದು ಬರೆಯಬೇಕು. ನೆನಪಿಲ್ಲ. ನಾನು ಟಿವಿ ನೋಡುತ್ತಿದ್ದೆ. ಅವರ ದನಿ ಮಾತ್ರ ನೆನಪಿದೆ. "ಹೌದನವಾ?" ಎಂದರು. ಸ್ವಲ್ಪ ಬಿಟ್ಟು, "ಹಂಗಾರ ಮುಂದಿಂದು ನೀನ ಹೇಳು, ಶಾಣ್ಯಾಕಿ."

ಹೇಳಿದೆ. ಮೂರು ಮಕ್ಕಳು ಕಾಡಿಗೆ ಹೋಗಿ ಹಿಮದಲ್ಲಿ ಸಿಕ್ಕಿಬಿದ್ದರು. ಕುದುರೆಗಳು ನೆಟ್ಟಗೆ ಓಡಿ, ನೆಟ್ಟಗೆ ವಾಪಸು ಬಂದವು, ಯಾರೂ ಸಿಗಲಿಲ್ಲ. ಎತ್ತು ತನ್ನ ಅಭ್ಯಾಸದಂತೆ ಸುತ್ತು ಹಾಕುತ್ತ ಹೊರಟಿತು. ಒಂದು ಸುತ್ತು, ಅದಕ್ಕಿಂತ ದೊಡ್ಡ ಸುತ್ತು, ಅದಕ್ಕಿಂತ ದೊಡ್ಡದು... ಯಾವುದೋ ಒಂದು ಸುತ್ತಿನಲ್ಲಿ ಮರದ ಬುಡದಲ್ಲಿ ಮಕ್ಕಳು ಸಿಕ್ಕರು. ಎತ್ತಿನ ಬಾಲ ಹಿಡಿದು ಊರಿಗೆ ಬಂದರು. ಕಸಾಯಿ ಬರಲಿಲ್ಲ. ಒಂದು ವಾಕ್ಯ ಬಿಡದೆ ಹೇಳಿದೆ, ಒಂದು ತಪ್ಪೂ ಮಾಡಲಿಲ್ಲ. ಮುಗಿಯುವ ಮೊದಲೇ ಅರ್ಧ ಮಕ್ಕಳು ಎದ್ದುಹೋಗಿದ್ದವು.

ಅಪ್ಪ ಆ ವಾರವೆಲ್ಲ ಡ್ಯೂಟಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದರು, ತನ್ನ ಮಗಳು ನರ್ಸಬಾಯಿಯ ಇಂಗ್ಲಿಷ್ ತಿದ್ದಿದಳು ಎಂದು. ಅವ್ವ ಮಾತ್ರ ರೊಟ್ಟಿ ಬಡಿಯುತ್ತ, "ಅಷ್ಟು ಮಂದ್ಯಾಗ ಹೇಳೂದೇನಿತ್ತು" ಎಂದಳು.

ಗೋದಲಿ ಪ್ರತಿವರ್ಷ ಹೊಸ ವರ್ಷದ ತನಕ ಇರುತ್ತಿತ್ತು. ಆ ವರ್ಷ ಮರುದಿನವೇ ಬಿಚ್ಚಿದರು. ನರ್ಸಬಾಯಿ ಡ್ಯೂಟಿಯಿಂದ ಬಂದ ಮೇಲೆ ಸಂಜೆ ಅವರ ಗಂಡ ಮನೆಮನೆಗೆ ಹೋಗಿ ಎತ್ತು ವಾಪಸು ಕೊಟ್ಟರು. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಜೊತೆಗೆ ಅಚ್ಚಿನಲ್ಲಿ ಕರಿದ ಗುಲಾಬಿ ಹೂವಿನ ತಿಂಡಿ ಎರಡೆರಡು. ಪ್ರತಿವರ್ಷ ನರ್ಸಬಾಯಿಯೇ ಬಂದು ಕೊಡುತ್ತಿದ್ದರು. ನನ್ನ ಪೊಟ್ಟಣ ಬಿಚ್ಚಿದೆ. ಹಿಂದಿನ ದಿನ ಗೋಡೆಗೆ ವಾಲಿಕೊಂಡಿದ್ದ ಎತ್ತು ನಾಲ್ಕು ಗಾಲಿಯ ಮೇಲೆ ನಿಂತಿತು. ಹೊಸ ಗಾಲಿ ಕಪ್ಪು ರಬ್ಬರಿನದು, ನಡುವೆ ಸೂಜಿ ಚುಚ್ಚಿದ ತೂತುಗಳಿದ್ದವು. ಅವತ್ತು ವಾರ್ಡಿನಿಂದ ತಂದದ್ದು. ಅಂದರೆ ನಾನು ಅವರನ್ನು ಇಪ್ಪತ್ತು ಮಂದಿಯ ಮುಂದೆ ಸುಳ್ಳಿ ಎಂದ ಮರುದಿನ, ಅವರು ವಾರ್ಡಿನಲ್ಲಿ ಖಾಲಿ ಬಾಟಲಿ ಹುಡುಕಿ, ಬೂಚು ಕಿತ್ತು, ಮನೆಗೆ ತಂದು, ಮೊಳೆ ಹೊಡೆದು ಕೂಡಿಸಿದ್ದರು. ನಾನು ಯಾಕೆ ಎದ್ದು ನಿಂತೆ ಎಂದು ಲೈನಿನಲ್ಲಿ ಅವರೊಬ್ಬರಿಗೇ ಗೊತ್ತಾಗಿತ್ತು.

ಇದೆಲ್ಲ ಈಗ ಬರೆಯುವಾಗಿನ ಲೆಕ್ಕಾಚಾರ. ಆಗ ನಾನು ದಾರ ಕಟ್ಟಿ ಎಳೆದು ನೋಡಿದೆ. ಬೂಚು ಉಳಿದ ಗಾಲಿಗಳಿಗಿಂತ ಒಂದು ಕೂದಲಿನಷ್ಟು ಸಣ್ಣದು. ಎತ್ತು ನೆಟ್ಟಗೆ ಹೋಗಲಿಲ್ಲ, ಎಡಕ್ಕೆ ಎಳೆಯಿತು. ತಳ್ಳಿ ಬಿಟ್ಟರೆ ಸುತ್ತಿ ಮತ್ತೆ ನನ್ನ ಕಾಲಿನ ಹತ್ತಿರವೇ ಬಂತು. ಗಾಲಿ ಸರಿಯಿಲ್ಲ ಎಂದುಕೊಂಡು ಗೂಡಿನಲ್ಲಿಟ್ಟೆ. ಹೂವು ತಿಂದೆ.

ಆಮೇಲೆ ಔಷಧದ ಬಾಟಲಿಗಳು ನನ್ನ ಹತ್ತಿರ ಬರತೊಡಗಿದವು. ನಾನು ಚೀಟಿಯನ್ನು ಮೇಲಿನಿಂದ ಕೆಳಗಿನ ತನಕ, ತಯಾರಿಸಿದವರ ವಿಳಾಸದವರೆಗೆ ಓದಿ ಹೇಳುತ್ತಿದ್ದೆ. "ಬೇಟಾ, ಯೇ ಖಾಂಸೀ ಕಾ ಹೈ ಕ್ಯಾ?" ಎಂದು ಯಾರಾದರೂ ಕೇಳಿದರೆ, ಕೆಮ್ಮು ಎಂಬ ಶಬ್ದ ಅದರಲ್ಲಿ ಬರೆದಿಲ್ಲ ಎನ್ನುತ್ತಿದ್ದೆ. ಅವರು ಹ್ಞೂಂ ಎಂದು ಬಾಟಲಿ ತಗೊಂಡು ಹೊರಡುತ್ತಿದ್ದರು. ಮನೆಗಲ್ಲ, ಹಿಂದುಗಡೆಯಿಂದ ಸುತ್ತಿ ನರ್ಸಬಾಯಿಯ ಹಿತ್ತಲ ಬಾಗಿಲಿಗೆ. ತಮ್ಮನಿಗೆ ಜ್ವರ ಬಂದಾಗ ನಮ್ಮವ್ವನೂ ಹಾಗೇ ಹೋದಳು. ನರ್ಸಬಾಯಿ ಬಾಟಲಿಯನ್ನು ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಮುಚ್ಚಳ ತೆಗೆದು ಮೂಸಿ, ಯಾವ ಡಾಕ್ಟರು ಕೊಟ್ಟರು ಎಂದು ಕೇಳಿ, ಆಮೇಲೆ ಹೇಳುತ್ತಿದ್ದರು. ನನಗೆ ಗೊತ್ತಿದ್ದಂತೆ ಒಮ್ಮೆಯೂ ತಪ್ಪಲಿಲ್ಲ. ಮುಂದಿನ ಬಾಗಿಲಿಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ಮರುವರ್ಷ ಇನ್ನೆರಡು ಮನೆಗೆ ಟಿವಿ ಬಂತು. ಕ್ರಿಸ್ಮಸ್ಸಿಗೆ ಎತ್ತು ಕೊಡಿ ಎಂದು ನರ್ಸಬಾಯಿ ಯಾರನ್ನೂ ಕೇಳಲಿಲ್ಲ.

ನಾನು ಮೆಟ್ರಿಕ್ ಪಾಸಾದ ವರ್ಷ ಊರಿನಿಂದ ಅತ್ತಿ ಬಂದಳು, ಅಪ್ಪನ ಅಕ್ಕ. ತನ್ನ ಮಗನಿಗೆ ನನ್ನನ್ನು ಕೇಳಲು. ಮನೆಯ ಸಂಬಂಧ, ಹೊರಗಿನವರಲ್ಲ. ಅವರ ಮನೆಯಲ್ಲಿ ಎಣ್ಣೆಯ ಮಷೀನು ಇತ್ತು. ಅಪ್ಪನಿಗೆ ಅರ್ಧಕ್ಕಿಂತ ಹೆಚ್ಚು ಮನಸ್ಸಾಗಿತ್ತು. ನನಗೆ ಕಾಲೇಜು ಬೇಕಾಗಿತ್ತು, ಆದರೆ ಕೇಳಿದವರಿಲ್ಲ. ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಯಾರಿಗೋ ಹೇಳಿರಬೇಕು. ಯಾರಿಗೆ ಎಂದು ಈಗ ಊಹಿಸುವುದು ಕಷ್ಟವಲ್ಲ.

ಮಾತುಕತೆ ನಡೆದಾಗ ಮಧ್ಯಾಹ್ನ. ಬಾಗಿಲು ತೆರೆದೇ ಇತ್ತು, ಕಟ್ಟೆಯ ಮೇಲೆ ಅಕ್ಕಪಕ್ಕದ ಹೆಂಗಸರು ಕೂತಿದ್ದರು. ನರ್ಸಬಾಯಿ ಡ್ಯೂಟಿಯ ಬಿಳಿ ಸೀರೆಯಲ್ಲೇ ಮುಂದಿನ ಬಾಗಿಲಿನಿಂದ ಒಳಗೆ ಬಂದರು. ಕೂಡಲಿಲ್ಲ. ನಾನು ಒಳಕೋಣೆಯ ಪರದೆಯ ಹಿಂದೆ ನಿಂತಿದ್ದೆ.

"ಅಣ್ಣಾರ, ಒಂದು ಕಥಿ ಹೇಳಿ ಹೋಗತೇನಿ" ಎಂದರು. ಹೇಳಿದರು. ಆ ಕ್ರಿಸ್ಮಸ್ಸಿನ ಮಧ್ಯಾಹ್ನವನ್ನು, ಸಿನೆಮಾ ಹೇಳುತ್ತಿದ್ದ ಹಾಗೆಯೇ, ಕೈ ತಿರುಗಿಸುತ್ತ, ನಡುವೆ ನಿಲ್ಲಿಸುತ್ತ, ನಮ್ಮ ಅತ್ತಿಗೆ ಕನ್ನಡದಲ್ಲಿ, ಕಟ್ಟೆಯ ಮೇಲಿನವರಿಗೆ ಹಿಂದಿಯಲ್ಲಿ. ವಟಾಣಿ ಮಾತ್ರ ಇರಲಿಲ್ಲ.

"ನನಗ ಇಂಗ್ಲೀಷಿನ್ಯಾಗ ಒಂದಕ್ಷರ ಬರೂದಿಲ್ರಿ ಅಣ್ಣಾರ. ನಾನು ನರ್ಸೂ ಅಲ್ಲ. ವಾರ್ಡ್ ಒರಸೋ ಆಯಾ. ಬಾಟ್ಲಿ ಬಣ್ಣ ನೋಡಿ ಹೇಳತೇನಿ, ಓದಿ ಅಲ್ಲ. ಹತ್ತು ವರ್ಷ ಇಡೀ ಲೈನಿಗೆ ಗೊತ್ತಾಗಲಿಲ್ಲ. ಹನ್ನೊಂದು ವರ್ಷದ ಈ ಹುಡುಗಿ ಎದ್ದು ನಿಂತು ಹೇಳಿತು. ಖರೇ ಇದ್ದದ್ದು ಖರೇ ಅಂತ, ಅಷ್ಟು ದೊಡ್ಡ ಮಂದಿ ಮುಂದ ಹೇಳಬೇಕಂದ್ರ ಕಲತಿರಬೇಕ್ರಿ. ಶಾಲಿ ಬಿಡಸಬ್ಯಾಡ್ರಿ."

ನರ್ಸಬಾಯಿ ಬಾಗಿಲ ಕಡೆ ಎರಡು ಹೆಜ್ಜೆ ಹೋಗಿ ತಿರುಗಿದರು.

"ಗಾಣಕ್ಕ ಕಟ್ಟಬ್ಯಾಡ್ರಿ ಅಣ್ಣಾರ. ಎತ್ತು ಸುತ್ತು ಹಾಕಿದ್ರ ಕಳದ ಕೂಸು ಸಿಗತಾವ ಅನ್ನೂದು ಟಿವಿಯಾಗ ಅಷ್ಟ."

ಅತ್ತಿ ತುಟಿ ತಿರುವಿದಳು. "ಅಯ್ಯ, ಆಯಾನ ಮಾತು ಕೇಳಿ ಕರುಳಬಳ್ಳಿ ಬಿಡತಿಯೇನೋ ತಮ್ಮಾ?"

ಅಪ್ಪ ಒಳಗೆ ತಿರುಗಿ ಅವ್ವನಿಗೆ ಹೇಳಿದರು. "ನರ್ಸಬಾಯಿಗೆ ಒಂದು ಕಪ್ ಚಾ ಇಡು." ಅತ್ತಿಗೆ, "ಹುಡುಗಿ ಓದತಾಳಬೇ ಅಕ್ಕಾ" ಎಂದರು.

ಚಾ ಕುಡಿದರೋ, ಹಾಗೇ ಹೋದರೋ... ನನಗೆ ಗೊತ್ತಿಲ್ಲ. ನಾನು ಪರದೆಯ ಹಿಂದೆ ನಿಂತು ಕಾಲೇಜಿನ ಫಾರ್ಮು ಯಾವ ದಿನದವರೆಗೆ ಕೊಡುತ್ತಾರೆ ಎಂದು ಯೋಚಿಸುತ್ತಿದ್ದೆ. ಸಂತೋಷವಾಯಿತು ಎಂದೂ ಹೇಳಲಾರೆ, ನಾಚಿಕೆಯಾಯಿತು ಎಂದೂ ಹೇಳಲಾರೆ. ಏನೂ ಆಗಲಿಲ್ಲ. ಫಾರ್ಮಿನ ವಿಚಾರ ಮಾತ್ರ ಸ್ಪಷ್ಟವಾಗಿ ನೆನಪಿದೆ.

ಮುಂದಿನ ವಾರದಿಂದ ಲೈನಿನ ಮಂದಿ ಅವರನ್ನು ಆಯಾಬಾಯಿ ಎನ್ನತೊಡಗಿದರು. ಬೈಯಲು ಅಲ್ಲ, ಇದ್ದದ್ದನ್ನು ಅನ್ನುವ ಹಾಗೆ. ಹಿತ್ತಲ ಬಾಗಿಲಿಗೆ ಬರುವವರೂ ನಿಂತರು. ಬಾಟಲಿಯ ಬಣ್ಣ ನೋಡಿ ಹೇಳುತ್ತಾಳೆ ಎಂದು ಅವರ ಬಾಯಿಂದಲೇ ಕೇಳಿದ ಮೇಲೆ ಯಾರು ಬರುತ್ತಾರೆ? ಅಪ್ಪ, ಅವ್ವ ಇಬ್ಬರೇ ಕೊನೆಯವರೆಗೆ ನರ್ಸಬಾಯಿ ಎಂದರು. ನಾನು ಏನೆಂದೂ ಕರೆಯಲಿಲ್ಲ. ಎದುರಿಗೆ ಬಂದರೆ ಪುಸ್ತಕ ಎದೆಗೆ ಒತ್ತಿ ಹಿಡಿದು ಸರಿದು ಹೋಗುತ್ತಿದ್ದೆ. ಅವರು, "ಕಾಲೇಜ್ ಹ್ಯಾಂಗೈತಿ, ಶಾಣ್ಯಾಕಿ?" ಎನ್ನುತ್ತಿದ್ದರು. ಚಲೋ ಐತ್ರಿ ಎನ್ನುತ್ತಿದ್ದೆ.

ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಅವರ ಗಂಡ ರಿಟೈರಾದರು, ಬೆಟಗೇರಿಗೆ ಹೊರಟರು. ಅಪ್ಪ, ಅವ್ವ ಸ್ಟೇಶನ್ನಿಗೆ ಹೋದರು. ನನಗೆ ಕ್ಲಾಸಿತ್ತು. ಬಿಡಬಹುದಾದ ಕ್ಲಾಸು.

ಪದವಿ ಬಂದ ದಿನ ಕಪ್ಪು ಗೌನು ಹಾಕಿಕೊಂಡು ಫೋಟೋ ತೆಗೆಸಿದೆ. ಅದು ಈಗಲೂ ಗೋಡೆಯ ಮೇಲಿದೆ. ಒಂದು ಪ್ರತಿ ಬೆಟಗೇರಿಗೆ ಕಳಿಸು ಎಂದು ಅವ್ವ ಹೇಳಿದಳು. ಕನ್ನಡ ಅವರಿಗೆ ಓದಲು ಬರುತ್ತಿತ್ತು, ದಿನಾ ಬೈಬಲ್ಲು ಓದುತ್ತಿದ್ದರು. ಎರಡು ಸಾಲು ಬರೆದರೂ ಸಾಕಿತ್ತು. ಇವತ್ತು, ನಾಳೆ ಎಂದೆ. ಆಮೇಲೆ ಕೆಲಸ ಸಿಕ್ಕಿತು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ನನ್ನ ಪಾಠದಲ್ಲಿ ತಪ್ಪು ಹುಡುಕಿದವರಿಲ್ಲ. ಪಾಠ ಮುಗಿದ ಮೇಲೆ, ಇನ್ನೊಂದು ಸಲ ಹೇಳಿ ಎಂದು ಕೇಳಿದವರೂ ಇಲ್ಲ.

ಯಾವುದೋ ಮದುವೆಗೆ ಗದಗಿಗೆ ಹೋಗಿ ಬಂದ ಅಪ್ಪ ಒಂದು ಸಂಜೆ ಚಪ್ಪಲಿ ಬಿಚ್ಚುತ್ತ, "ನರ್ಸಬಾಯಿ ತೀರಿ ಹೋಗಿ ಎರಡು ವರ್ಷ ಆತಂತ" ಎಂದರು. ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. "ಹೌದಾ" ಎಂದೆ. ಅಪ್ಪ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು, ನಾನು ಇನ್ನೇನಾದರೂ ಅನ್ನುತ್ತೇನೆ ಎಂದು ಇರಬಹುದು. ನಾನು ಮುಂದಿನ ಪತ್ರಿಕೆ ತೆಗೆದುಕೊಂಡೆ.

...ಟ್ರಂಕಿನ ಪಕ್ಕದಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಮೊಮ್ಮಗಳು ಬಂದು ಎತ್ತನ್ನು ಎತ್ತಿ ತಿರುವಿ ನೋಡಿದಳು. "ಅಜ್ಜೀ, ಇದರದು ಒಂದು ಚಾಕ್ ಇಲ್ಲಾ ನಾ?" ಅವಳಿಗೆ ಗಾಲಿ ಎಂದರೆ ಚಾಕ್, ಮರಾಠಿಯದು.

ಔಷಧದ ಅಂಗಡಿಗೆ ಹೋಗಿ ಸಲಾಯಿನ್ ಬಾಟಲಿಯ ದೊಡ್ಡ ರಬ್ಬರ್ ಬೂಚು ಸಿಗುತ್ತದೆಯೇ ಎಂದು ಕೇಳಿದೆ. ಅಂಗಡಿಯ ಹುಡುಗ ನನ್ನನ್ನೊಮ್ಮೆ ನೋಡಿ, "ಆತಾ ಸಗಳಂ ಪ್ಲಾಸ್ಟಿಕ್ ಯೇತಂ ಮ್ಯಾಡಮ್" ಎಂದ. ಈಗೆಲ್ಲ ಪ್ಲಾಸ್ಟಿಕ್ಕೇ. ಅಲ್ಲಿಂದ ಮಹಾಲಿಗೆ ಹೋದೆ. ಎತ್ತು ಮಾಡುವ ಬಡಗಿ ಉಳಿದ ಮೂರು ಗಾಲಿಗಳ ಅಳತೆ ತೆಗೆದು, ಅದೇ ಅಳತೆಯ ನಾಲ್ಕನೆಯದನ್ನು ಐದು ನಿಮಿಷದಲ್ಲಿ ಕೂಡಿಸಿ ಕೊಟ್ಟ.

ತಾನ್ಹಾ ಪೋಳಾದ ದಿನ ಮೊಮ್ಮಗಳು ಅದಕ್ಕೆ ಹಳದಿ ಝೂಲ ಹೊದಿಸಿ, ದಾರ ಹಿಡಿದು ಅಂಗಳಕ್ಕೆ ಇಳಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎತ್ತು ಎಡಕ್ಕೆ ಎಳೆಯಲಿಲ್ಲ. ಅಂಗಳ ದಾಟಿ ನೆಟ್ಟಗೆ ಗೇಟಿನ ತನಕ ಹೋಯಿತು, ಗೇಟು ದಾಟಿ ರಸ್ತೆಗೆ ಹೋಯಿತು. ತಿರುಗಿ ಬರುತ್ತದೆ ಎಂಬಂತೆ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.